ನಿಮಗಿಷ್ಟು ಸಾಕು

"ಮೇಡಂ, ನಿಮಗಿಷ್ಟು ಸಾಕು" ಎಂದು ಅಂಗಡಿಯ ಹುಡುಗ ನನ್ನ ಮುಂದಿಟ್ಟದ್ದು ಒಂದು ಪುಟ್ಟ ಪೆಟ್ಟಿಗೆ. ಅದರ ಮೇಲೆ ಎಂಟು ರಬ್ಬರ್ ಚೌಕಗಳು, ಒಂದೊಂದೂ ಅಂಚೆಚೀಟಿಗಿಂತ ಕೊಂಚ ದೊಡ್ಡದು. ನಾನು ಏನು ನುಡಿಸುತ್ತೇನೆ, ಯಾವ ತಾಳ, ಎರಡು ಬೆರಳಿನಲ್ಲೋ ಹತ್ತು ಬೆರಳಿನಲ್ಲೋ ಎಂದು ಅವನು ಒಂದು ಮಾತೂ ಕೇಳಿರಲಿಲ್ಲ. ನನ್ನ ಬಿಳಿಗೂದಲನ್ನೂ ಕೈಯಲ್ಲಿದ್ದ ಬಟ್ಟೆಚೀಲವನ್ನೂ ನೋಡಿಯೇ ಅಳತೆ ತೆಗೆದುಬಿಟ್ಟಿದ್ದ. ಆಮೇಲೆ ನನ್ನ ಜೊತೆ ಬಂದಿದ್ದ ಅಣ್ಣನ ಮಗನ ಕಡೆ ತಿರುಗಿ, ಗಾಜಿನ ಕಪಾಟು ತೆಗೆದು, ದೊಡ್ಡ ದೊಡ್ಡ ಯಂತ್ರಗಳನ್ನು ಒಂದೊಂದಾಗಿ ತೋರಿಸತೊಡಗಿದ. ನಮ್ಮ ಹುಡುಗ ಓದುತ್ತಿರುವುದು ಸಿವಿಲ್ ಇಂಜಿನಿಯರಿಂಗ್. ಆದಿತಾಳ ಹಾಕು ಎಂದರೆ ಮೂರನೆಯ ಬೆರಳಿಗೆ ತಪ್ಪುತ್ತಾನೆ. ಅವನು ಬಂದಿದ್ದು ಬೆಂಗಳೂರಿನ ಬಸ್ಸುಗಳ ದಾರಿ ತೋರಿಸುವುದಕ್ಕೆ. ನನಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿ, "ಕೂತ್ಕೊಳ್ಳಿ ಆಂಟಿ" ಎಂದರು. ನಾನೂ ಕೂತುಬಿಟ್ಟೆ, ನೋಡಿ! ಈಗ ನೆನೆದರೆ ಸಿಟ್ಟು ಬರುವುದು ಆ ಹುಡುಗನ ಮೇಲಲ್ಲ, ಕೂತುಬಿಟ್ಟ ನನ್ನ ಮೇಲೆ.

ಈ "ನಿಮಗಿಷ್ಟು ಸಾಕು" ಎನ್ನುವ ಮಾತು ನಮಗೆ ಹೊಸದೇನಲ್ಲ. ಸೈಕಲ್ ಕೊಳ್ಳುವಾಗ, ಹೊಲಿಗೆ ಯಂತ್ರ ಕೊಳ್ಳುವಾಗ, ಕೊನೆಗೆ ಊಟಕ್ಕೆ ಕೂತು ಎರಡನೆಯ ಸಲ ಪಲ್ಯ ಹಾಕಿಸಿಕೊಳ್ಳುವಾಗ ಕೂಡ ಕೇಳಿದ್ದೇವೆ. ಅದರಲ್ಲಿ ಬೈಗುಳವಿಲ್ಲ, ಅದೇ ಅದರ ಜಾಣತನ. ನಮ್ಮ ದುಡ್ಡು ಉಳಿಸುವ ಕಾಳಜಿಯ ಧ್ವನಿಯಲ್ಲಿ ಹೇಳುತ್ತಾರೆ. ಆದರೆ "ಏನಕ್ಕೆ ಸಾಕು?" ಎಂದು ತಿರುಗಿ ಕೇಳಿದರೆ ಹೇಳಿದವರ ಬಳಿ ಉತ್ತರವಿರುವುದಿಲ್ಲ.

ನಾನು ಶಿವಮೊಗ್ಗದಲ್ಲಿ ಇಪ್ಪತ್ತಾರು ವರ್ಷ ಶಿಶುವಿಹಾರ ನಡೆಸಿದವಳು. ಮಕ್ಕಳಿಗೆ ಹಾಡು ಕಟ್ಟುವುದು ನನ್ನ ಹುಚ್ಚು. ಐದಾರು ವರ್ಷಗಳಿಂದ ಆ ಹಾಡುಗಳನ್ನು ಮನೆಯ ಕಂಪ್ಯೂಟರಿನಲ್ಲೇ ಧ್ವನಿಮುದ್ರಿಸುತ್ತಿದ್ದೇನೆ. ಹಾಡುವುದು ನಾನೇ, ಹಾರ್ಮೋನಿಯಂ ನನ್ನದೇ. ತಾಳವಾದ್ಯ ಮಾತ್ರ ಇಲ್ಲ. ಅದಕ್ಕಾಗಿ ಮೌಸ್ ಹಿಡಿದು ತೆರೆಯ ಮೇಲಿನ ಚೌಕಳಿಯಲ್ಲಿ ಒಂದೊಂದೇ ಪೆಟ್ಟಿಗೆ ಚುಕ್ಕಿ ಇಡುತ್ತಿದ್ದೆ, ರಂಗೋಲಿಗೆ ಇಟ್ಟ ಹಾಗೆ. ರಂಗೋಲಿ ಚೆನ್ನಾಗಿಯೇ ಕಾಣುತ್ತಿತ್ತು, ಕೇಳಿದರೆ ಗೋಡೆಗಡಿಯಾರ. "ಟೀಚರ್, ಈ ಹಾಡಿಗೆ ಕುಣಿಯಕ್ಕೆ ಬರಲ್ಲ" ಎಂದು ನಾಲ್ಕು ವರ್ಷದ ಹುಡುಗಿಯೊಬ್ಬಳು ಹೇಳಿದ ದಿನ, ಕೈಯಲ್ಲಿ ಬಾರಿಸುವ ಪ್ಯಾಡ್ ಕೊಳ್ಳಲೇಬೇಕು ಎಂದು ತೀರ್ಮಾನಿಸಿದೆ. ಅಷ್ಟು ನಿಷ್ಠುರವಾದ ವಿಮರ್ಶೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಗೊತ್ತಿಲ್ಲದವರಿಗಾಗಿ ಒಂದಿಷ್ಟು ಹೇಳಿಬಿಡುತ್ತೇನೆ. ಈ ಪೆಟ್ಟಿಗೆಗೆ ತನ್ನದೇ ಆದ ಸದ್ದಿಲ್ಲ. ಕಂಪ್ಯೂಟರಿನ ತಂತಿ ಕಿತ್ತರೆ ಬರೀ ರಬ್ಬರಿನ ಹಲಗೆ. ನೀವು ಬಡಿದಾಗ ಅದು ಕಂಪ್ಯೂಟರಿಗೆ ಸಂಖ್ಯೆಗಳನ್ನು ಕಳಿಸುತ್ತದೆ. ಯಾವ ಚೌಕ ಎನ್ನುವುದಕ್ಕೆ ಒಂದು ಸಂಖ್ಯೆ, ಎಷ್ಟು ಜೋರು ಎನ್ನುವುದಕ್ಕೆ 1ರಿಂದ 127ರವರೆಗೆ ಇನ್ನೊಂದು. ಈ ಸಂಖ್ಯೆಗಳ ಭಾಷೆಯ ಹೆಸರು ಮಿಡಿ, 1983ರಲ್ಲಿ ಬಳಕೆಗೆ ಬಂದದ್ದು. ಒಂದು ಕಂಪನಿಯ ವಾದ್ಯ ಇನ್ನೊಂದು ಕಂಪನಿಯ ವಾದ್ಯದೊಡನೆ ಮಾತಾಡಲೆಂದು ಜಪಾನು, ಅಮೆರಿಕದ ತಯಾರಕರು ಕೂಡಿ ಮಾಡಿಕೊಂಡ ಒಪ್ಪಂದ. ಸಂಖ್ಯೆ ಬಂದ ಮೇಲೆ ಅದಕ್ಕೆ ಮೃದಂಗದ ತೊಂಕಾರ ಕೊಡುವುದೋ, ಡೊಳ್ಳಿನ ಪೆಟ್ಟು ಕೊಡುವುದೋ, ಕುಕ್ಕರಿನ ಸೀಟಿ ಕೊಡುವುದೋ ನಿಮ್ಮಿಷ್ಟ. 1991ರಲ್ಲಿ ಯಾವ ಸಂಖ್ಯೆಗೆ ಯಾವ ವಾದ್ಯ ಎಂದು ಒಂದು ಪಟ್ಟಿಯನ್ನೂ ಮಾಡಿದರು. 36 ಎಂದರೆ ಕಾಲಿನಲ್ಲಿ ಬಡಿಯುವ ದೊಡ್ಡ ಡ್ರಮ್ಮು, 38 ಎಂದರೆ ಸ್ನೇರ್. ಬ್ರೆಜಿಲಿನ ಸಣ್ಣಪುಟ್ಟ ವಾದ್ಯಗಳೂ ಅದರಲ್ಲಿವೆ. ಸ್ವರವಾದ್ಯಗಳ ಪಟ್ಟಿಯಲ್ಲಿ ನಮ್ಮ ಸಿತಾರಿಗೂ ಶಹನಾಯಿಗೂ ಜಾಗವಿದೆ. ತಬಲಾ ಇಲ್ಲ, ಮೃದಂಗ ಇಲ್ಲ. ಬಿಡಿ, ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಬಾಗಿಲ ಹೊರಗೇ ನಿಲ್ಲಬೇಕೆಂದೇನಿಲ್ಲ. 36ರ ಚೌಕಕ್ಕೆ ನಾನು ಮೃದಂಗದ ತೊಪ್ಪಿಯನ್ನು ಕೂರಿಸಿದ್ದೇನೆ, ಯಾರೂ ಬಂದು ಕೇಳಿಲ್ಲ.

ಈಗ ಆ ಎಂಟು ಚೌಕದ ಮಾತಿಗೆ ಬರುತ್ತೇನೆ. ಎಂಟು ಚೌಕ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಬಸ್ಸಿನಲ್ಲಿ ಓಡಾಡುತ್ತ ಕೆಲಸ ಮಾಡುವವರಿಗೆ, ಎರಡು ಬೆರಳಿನಲ್ಲಿ ಡ್ರಮ್ಸ್ ಬಾರಿಸುವವರಿಗೆ ಅದು ನಿಜವಾಗಿಯೂ ಸಾಕು. ಆದರೆ ಮೃದಂಗದ ಲೆಕ್ಕ ಹಾಕಿ ನೋಡಿ. ತ, ದಿ, ತೊಂ, ನಂ ಎನ್ನುವ ಮೂಲಪಾಠಕ್ಕೇ ನಾಲ್ಕು ಚೌಕ ಹೋಯಿತು. ಚಾಪು ಬೇಕು, ಮೀಟು ಬೇಕು, ಎಡಗೈಯ ಗುಮ್ಕಿ ಬೇಕು. ಜೊತೆಗೆ ಮಕ್ಕಳ ಹಾಡೆಂದ ಮೇಲೆ ಗೆಜ್ಜೆ, ಕಂಜಿರ, ಚಪ್ಪಾಳೆ. ಎಂಟು ಎಲ್ಲಿಗೆ ಸಾಕು? ಬಟನ್ ಒತ್ತಿ ಇನ್ನೊಂದು ಪುಟಕ್ಕೆ ಹೋದರೆ ಮತ್ತೆ ಎಂಟು ಸಿಗುತ್ತದೆ ಎನ್ನುತ್ತಾರೆ. ತಾಳದ ನಡುವೆ ಪುಟ ತಿರುವಲು ಮೂರನೆಯ ಕೈಯನ್ನು ಎಲ್ಲಿಂದ ತರಲಿ?

ನಾಲ್ಕು ಸಾಲು, ಸಾಲಿಗೆ ನಾಲ್ಕು, ಒಟ್ಟು ಹದಿನಾರು ಎನ್ನುವ ಜೋಡಣೆ ಹಳೆಯದು, ಬಾಳಿಕೆ ಬಂದದ್ದು. 1988ರಲ್ಲಿ ಅಕಾಯ್ ಕಂಪನಿ ಎಂಪಿಸಿ 60 ಎನ್ನುವ ಯಂತ್ರ ತಂದಾಗ ಈ ಹದಿನಾರರ ಮನೆ ಪ್ರಸಿದ್ಧವಾಯಿತು. ಅದನ್ನು ರೂಪಿಸಿದ ಅಮೆರಿಕದ ರೋಜರ್ ಲಿನ್ 1980ರಷ್ಟು ಹಿಂದೆಯೇ, ನಿಜವಾದ ಡ್ರಮ್ಮಿನ ಸದ್ದನ್ನು ತುಂಬಿಸಿಟ್ಟ ತಾಳಯಂತ್ರ ಮಾಡಿದವರು. ಅಲ್ಲಿನ ಬಡ ಬಡಾವಣೆಗಳ ಎಷ್ಟೋ ಹುಡುಗರು ಹಳೆಯ ಗ್ರಾಮಫೋನ್ ತಟ್ಟೆಗಳ ಚೂರುಪಾರನ್ನು ಈ ಹದಿನಾರು ಚೌಕಕ್ಕೆ ಹಂಚಿ, ಬೆರಳಿನಿಂದ ಬಾರಿಸಿ ಹೊಸ ಸಂಗೀತವನ್ನೇ ಕಟ್ಟಿದರು. ವಾದ್ಯ ಕೊಳ್ಳಲು, ಕಲಿಸುವವರ ಬಳಿ ಹೋಗಲು ದಾರಿಯಿಲ್ಲದ ಎಷ್ಟೋ ಮಂದಿಗೆ ಈ ಪೆಟ್ಟಿಗೆಯೇ ವಾದ್ಯವಾಯಿತು. ನನಗೆ ಆ ಸಂಗೀತ ಅಷ್ಟೇನೂ ರುಚಿಸದು, ಆದರೆ ಆ ಹುಡುಗರ ಸಂಕಟ ಚೆನ್ನಾಗಿ ತಿಳಿಯುತ್ತದೆ.

ಯಾಕೆ ತಿಳಿಯುತ್ತದೆ ಎಂದರೆ, ನಮ್ಮ ಮನೆಯಲ್ಲೊಂದು ಮೃದಂಗವಿತ್ತು. ಅದು ಅಣ್ಣನದು. ಅವನಿಗೆ ಹತ್ತು, ನನಗೆ ಎಂಟು ವರ್ಷವಾಗಿದ್ದಾಗ ವಾರಕ್ಕೆರಡು ಸಲ ಮೇಷ್ಟ್ರು ಮನೆಗೆ ಬರುತ್ತಿದ್ದರು. ಅಣ್ಣ ಪಾಠ ಒಪ್ಪಿಸಲಾಗದೆ ಕಿಟಕಿಯ ಆಚೆ ನೋಡುತ್ತಿದ್ದ. ನಾನು ಒಳಗೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅಕ್ಕಿಡಬ್ಬಿಯ ಮೇಲೆ ಅದೇ ಪಾಠ ಬಾರಿಸುತ್ತಿದ್ದೆ. ಒಂದು ದಿನ ಮೇಷ್ಟ್ರು ಕೇಳಿಸಿಕೊಂಡು, "ಯಾರದು?" ಎಂದರು. ಅಪ್ಪ ಹೆಮ್ಮೆಯಿಂದಲೇ ನನ್ನನ್ನು ಕರೆದು ನಿಲ್ಲಿಸಿದರು. ಮೇಷ್ಟ್ರು ನನ್ನ ಕೈ ತಿರುಗಿಸಿ ನೋಡಿ, "ಲಯ ಇದೆ. ಆದರೆ ಚರ್ಮದ ವಾದ್ಯ ಹೆಣ್ಣುಮಕ್ಕಳಿಗೆ ಯಾಕೆ? ಬೆರಳು ಒರಟಾಗತ್ತೆ. ಹಾಡೋದು ಕಲಿಸಿ, ಸಾಕು" ಎಂದರು. ಇಲ್ಲಿಯೂ ಅದೇ "ಸಾಕು". ಅಪ್ಪ ತಲೆಯಾಡಿಸಿದರು. ಅಣ್ಣ ಎರಡು ವರ್ಷಕ್ಕೆ ಬಿಟ್ಟ. ಮೃದಂಗ ಅಟ್ಟ ಸೇರಿತು, ಅದರ ಚರ್ಮವನ್ನು ಇಲಿ ತಿಂದವು. ನನಗೆ ಮುಟ್ಟಬಾರದೆಂದ ಚರ್ಮವನ್ನು ಇಲಿಗಳು ತಿನ್ನಬಹುದಿತ್ತು.

ನನ್ನೊಬ್ಬಳ ಕಥೆಯಾಗಿದ್ದರೆ ಹೇಳುತ್ತಿರಲಿಲ್ಲ. ಬೆಂಗಳೂರಿನಲ್ಲಿ ನೆಲೆಸಿರುವ ಸುಕನ್ಯಾ ರಾಮಗೋಪಾಲ್ ಅವರನ್ನು ನೀವು ಕೇಳಿರಬೇಕು. ಅವರು ಘಟ ಕಲಿಯುತ್ತೇನೆಂದಾಗ ಮೊದಲು ಬಂದ ಮಾತು, ಅದು ಹೆಣ್ಣಿನ ಬೆರಳಿಗೆ ಕಷ್ಟದ ವಾದ್ಯ ಎಂದೇ. ವಿಕ್ಕು ವಿನಾಯಕರಾಮ್ ಅವರ ತಂದೆ ಹರಿಹರ ಶರ್ಮ ಅವರು ಬೆಂಬಲಕ್ಕೆ ನಿಂತದ್ದರಿಂದ ದಾರಿಯಾಯಿತು. ಕಲಿತು ಹೆಸರು ಮಾಡಿದ ಮೇಲೂ, ಹೆಂಗಸಿನ ಜೊತೆ ವೇದಿಕೆಯಲ್ಲಿ ಕೂರಲು ಒಪ್ಪದ ಕಲಾವಿದರಿದ್ದರೆಂದು ಅವರೇ ಹೇಳಿಕೊಂಡಿದ್ದಾರೆ. 1995ರಲ್ಲಿ ಅವರು 'ಸ್ತ್ರೀ ತಾಳ ತರಂಗ' ಎಂಬ ಹೆಂಗಸರದೇ ತಂಡ ಕಟ್ಟಿದರು. ಕಾದ ಮಣ್ಣಿನ ಗಡಿಗೆಯನ್ನು ಬರಿಗೈಯಲ್ಲಿ ಬಡಿಯುವುದು! ಮುದ್ದೆ ತೊಳಸುವ, ಬಾವಿಯಿಂದ ನೀರು ಸೇದುವ, ಕಲ್ಲಿನಲ್ಲಿ ಹಿಟ್ಟು ರುಬ್ಬುವ ಕೈಗೆ ಬೆರಳು ಒರಟಾಗುತ್ತದೆಂದು ಯಾರೂ ಯಾವತ್ತೂ ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಸಂಗೀತ ಬಲ್ಲ ನನ್ನ ಕೆಲವು ಬಂಧುಗಳ ಆಕ್ಷೇಪಕ್ಕೂ ಉತ್ತರಿಸಬೇಕು. "ರಬ್ಬರ್ ಬಡಿದು ಮೃದಂಗ ಅಂತೀಯಲ್ಲ, ನಾಚಿಕೆಯಾಗಲ್ವಾ?" ಎಂದು ಒಬ್ಬರು ಫೋನಿನಲ್ಲೇ ಕೇಳಿದರು. ಬಲಮುಚ್ಚಳಿಕೆಯ ಕರಣೆಯ ಮೇಲೆ ಬೆರಳು ಬಿದ್ದಾಗಿನ ನಾದ, ತೊಪ್ಪಿಗೆ ಹಸಿ ರವೆ ಮೆತ್ತಿ ಶ್ರುತಿ ಇಳಿಸುವ ಹದ, ಇವು ರಬ್ಬರಿಗೆ ಬರುವುದಿಲ್ಲ ಎನ್ನುವುದು ನನಗೂ ಗೊತ್ತು. ಇದನ್ನು ಮೃದಂಗ ಎಂದು ನಾನು ಯಾವತ್ತೂ ಕರೆದಿಲ್ಲ. ಆದರೆ ಅದನ್ನು ಕೊಡದವರಿಗೆ ಇದನ್ನು ಹಳಿಯುವ ಹಕ್ಕು ಎಲ್ಲಿಂದ ಬಂತು? ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಮಂಡಿನೋವಿನಲ್ಲಿ, ಪಕ್ಕದ ಮನೆಯ ಗೋಡೆಗೆ ಅಂಟಿಕೊಂಡ ಬಾಡಿಗೆಮನೆಯಲ್ಲಿ ನಾನು ಮೃದಂಗದ ಮುಂದೆ ಕೂರುವುದು ಆಗದ ಮಾತು. ಹೆಡ್‌ಫೋನ್ ಹಾಕಿಕೊಂಡು ರಾತ್ರಿ ಹನ್ನೊಂದಕ್ಕೆ ಊಟದ ಮೇಜಿನ ಮೇಲೆ ಬಾರಿಸುವುದು ಆಗುತ್ತದೆ. ಆಗುವುದನ್ನು ಮಾಡುತ್ತಿದ್ದೇನೆ.

ಇನ್ನೊಂದು ಬಗೆಯ ಹಿತೈಷಿಗಳಿದ್ದಾರೆ. ಅವರು ಹುಡುಗರು, ಕಂಪ್ಯೂಟರ್ ಬಲ್ಲವರು. "ಬಾರಿಸೋದ್ಯಾಕೆ ಆಂಟಿ? ರೆಡಿಮೇಡ್ ತಾಳ ಸಿಗುತ್ತೆ, ಎಳೆದು ಹಾಕಿಬಿಡಿ" ಎನ್ನುತ್ತಾರೆ. ಅಂಗಡಿಯವನು ಅಣ್ಣನ ಮಗನಿಗೆ ತೋರಿಸಿದ ಅರವತ್ತನಾಲ್ಕು ಚೌಕದ, ದೀಪಾವಳಿಯಂತೆ ಬೆಳಗುವ ಹಲಗೆ ಇದಕ್ಕೇ ಆದದ್ದು. ಒಂದು ಚೌಕ ಒತ್ತಿದರೆ ಸಿದ್ಧ ತಾಳದ ಒಂದು ತುಂಡು ಹೊರಡುತ್ತದೆ, ಇನ್ನೊಂದು ಒತ್ತಿದರೆ ಮತ್ತೊಂದು. 2009ರಲ್ಲಿ ಈ ಬಗೆಯ ಲಾಂಚ್‌ಪ್ಯಾಡ್ ಮೊದಲು ಬಂದಾಗ ಅದರ ಚೌಕಗಳಿಗೆ ಮೆಲ್ಲಗೆ, ಜೋರು ಎಂಬ ಭೇದವೇ ಇರಲಿಲ್ಲ. ಅದು ದೋಷವಲ್ಲ, ಅದರ ಕೆಲಸಕ್ಕೆ ಆ ಭೇದ ಬೇಕಿರಲಿಲ್ಲ. ಮುಂದೆ ಬಂದ ಕೆಲವು ದೊಡ್ಡ ಮಾದರಿಗಳಲ್ಲಿ ಭೇದ ಬಂತು, ಚಿಕ್ಕವುಗಳಲ್ಲಿ ಬರಲಿಲ್ಲ. ಕೊಳ್ಳುವ ನಮಗೆ ಇದು ಗೊತ್ತಿರಬೇಕು. ಏಕೆಂದರೆ ದೀಪಗಳು ಮರುಳು ಮಾಡುತ್ತವೆ. ನನಗೂ ಒಂದು ಕ್ಷಣ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಬಳಿ ಹೋಗಿ ಒಂದು ಚೌಕವನ್ನು ಹೂವಿನಂತೆ ಮುಟ್ಟಿದೆ, ಮತ್ತೆ ಗುದ್ದಿದೆ. ಎರಡಕ್ಕೂ ಒಂದೇ ಸದ್ದು. ಮಗು ಅತ್ತರೂ ನಕ್ಕರೂ ಒಂದೇ ಮುಖ ಮಾಡುವ ಮನುಷ್ಯನನ್ನು ಏನು ಮಾಡುವುದು?

ಸಿದ್ಧ ತಾಳದ ಮೇಲೆ ನನಗಿರುವ ಸಿಟ್ಟಿಗೆ ಇನ್ನೊಂದು ಕಾರಣವಿದೆ. ಅವು ಬಹುಮಟ್ಟಿಗೆ ನಾಲ್ಕರ ಲೆಕ್ಕದವು. ನಮ್ಮಲ್ಲಿ ಏಳು ತಾಳ, ಒಂದೊಂದಕ್ಕೂ ತಿಶ್ರ, ಚತುರಶ್ರ, ಖಂಡ, ಮಿಶ್ರ, ಸಂಕೀರ್ಣ ಎಂಬ ಐದು ಜಾತಿ, ಒಟ್ಟು ಮೂವತ್ತೈದು. ಶಿಶುವಿಹಾರದ ಮಕ್ಕಳು ಐದರ ನಡೆಗೆ ಎಷ್ಟು ಚೆನ್ನಾಗಿ ಕುಂಟಾಬಿಲ್ಲೆ ಹಾಕುತ್ತಾರೆಂದು ನೋಡಿದವರಿಗೇ ಗೊತ್ತು. ಪ್ಯಾಡ್‌ಗಳಲ್ಲಿ ಬೆರಳು ಒತ್ತಿ ಹಿಡಿದರೆ ತಾನೇ ಪೆಟ್ಟನ್ನು ಪುನರಾವರ್ತಿಸುವ ಒಂದು ಸೌಲಭ್ಯವಿರುತ್ತದೆ. ಅಂಗಡಿಯವನು ಅದನ್ನು ದೊಡ್ಡದಾಗಿ ಹೊಗಳಿದ. ಅದು ನಾಲ್ಕು, ಎಂಟು, ಹದಿನಾರು, ಹೆಚ್ಚೆಂದರೆ ಮೂರರ ಭಾಗಗಳಲ್ಲಿ ಓಡುತ್ತದೆ. "ಐದರಲ್ಲಿ ಓಡತ್ತಾ?" ಎಂದೆ. ಅಲ್ಲಿಯವರೆಗೆ ಅಣ್ಣನ ಮಗನನ್ನೇ ನೋಡುತ್ತಿದ್ದವನು ಮೊದಲ ಬಾರಿಗೆ ನನ್ನ ಕಡೆ ನೋಡಿದ.

ಆಗ ನಾನು ಕುರ್ಚಿಯಿಂದ ಎದ್ದೆ. ಎದ್ದು ಒಂದೊಂದು ಪ್ಯಾಡಿನ ಮುಂದೆಯೂ ನಿಂತು ಬಾರಿಸಿದೆ. ನೀವು ಕೊಳ್ಳಲು ಹೋದರೆ ಇದೊಂದನ್ನು ಮಾತ್ರ ಬಿಡಬೇಡಿ. ಪೆಟ್ಟಿಗೆಯ ಮೇಲೆ ಏನು ಬರೆದಿದೆ ಎನ್ನುವುದಕ್ಕಿಂತ ನಿಮ್ಮ ಬೆರಳು ಏನು ಹೇಳುತ್ತದೆ ಎನ್ನುವುದು ಮುಖ್ಯ. ಉಂಗುರದ ಬೆರಳಿನಿಂದ, ಕಿರುಬೆರಳಿನಿಂದ, ಅತಿ ಮೆಲ್ಲಗೆ ಮುಟ್ಟಿ, ಸದ್ದು ಬರಬೇಕು. ಚೌಕದ ಮಧ್ಯಕ್ಕೂ ಮೂಲೆಗೂ ಒಂದೇ ಬಲದಲ್ಲಿ ಬಡಿದು ನೋಡಿ, ಮೂಲೆ ಮೂಕವಾಗಿರಬಾರದು. ಒಂದನ್ನು ಜೋರಾಗಿ ಬಡಿದಾಗ ಪಕ್ಕದ್ದು ತಾನಾಗಿ ಮಿಡುಕಬಾರದು, ಒಂದು ಪೆಟ್ಟಿಗೆ ಎರಡು ಸದ್ದು ಬರಬಾರದು. ರಬ್ಬರಿನ ಕೆಳಗೆ ಒತ್ತಡ ಅಳೆಯುವ ತೆಳುವಾದ ಹಾಳೆಯಿರುತ್ತದೆ, ಒತ್ತಿದಷ್ಟೂ ಅದರಲ್ಲಿ ವಿದ್ಯುತ್ತಿಗಿರುವ ತಡೆ ಕಡಿಮೆಯಾಗುತ್ತದೆ, ಅದನ್ನೇ ಯಂತ್ರ ಬಲವೆಂದು ಓದುತ್ತದೆ. ಹಾಗೆಯೇ ಒತ್ತಿ ಹಿಡಿದು ಇನ್ನಷ್ಟು ಒತ್ತಿದರೆ ಅದನ್ನೂ ಸಂಖ್ಯೆಯಾಗಿ ಕಳಿಸುವ ಪ್ಯಾಡುಗಳುಂಟು. ನಮಗೆ ಇದು ದೊಡ್ಡ ವರ. ಎಡಗೈಯ ಗುಮ್ಕಿಯನ್ನು, ತಬಲಾದ ಬಾಯಾ ಮೇಲೆ ಮಣಿಕಟ್ಟು ಒತ್ತಿ ಎಳೆಯುವ ಆ ಮೀಂಡನ್ನು, ಈ ಒತ್ತಡದಿಂದ ಸುಮಾರಾಗಿ ತರಬಹುದು. ಕೊಳ್ಳುವ ಪ್ಯಾಡು ಪ್ರತಿ ಚೌಕದ ಒತ್ತಡವನ್ನೂ ಬೇರೆ ಬೇರೆಯಾಗಿ ಕಳಿಸುತ್ತದೆಯೋ, ಎಲ್ಲಕ್ಕೂ ಸೇರಿ ಒಂದೇ ಕಳಿಸುತ್ತದೆಯೋ ಎಂದೂ ಕೇಳಿ. ಒಂದೇ ಆದರೆ ಎಡಗೈ ಒತ್ತಿದಾಗ ಬಲಗೈಯ ನಾದವೂ ಬಾಗುತ್ತದೆ. ಮತ್ತೆ, ಆರ್ಕೆಸ್ಟ್ರಾದವರು ಕೋಲಿನಿಂದ ಬಡಿಯುವ ಆಕ್ಟೋಪ್ಯಾಡ್ ಬೇರೆ ಜಾತಿ, ಇದು ಬೆರಳಿನದು. ಇದರ ಮೇಲೆ ಕೋಲು ಹಾಕಿದರೆ ದುಡ್ಡು ಹೋಯಿತು.

ಕೊನೆಗೆ ಕೊಂಡದ್ದು ಅಕಾಯ್ ಎಂಪಿಡಿ 218. ಹದಿನಾರು ದಪ್ಪ ಚೌಕ, ತಿರುಗಿಸುವ ಆರು ಗುಂಡಿ, ಮೂರು ಪುಟ. ಸಾಲುಸಾಲು ಗುಂಡಿ, ಜಾರುಪಟ್ಟಿ ಇರುವ ಅಣ್ಣಂದಿರೂ ಅದಕ್ಕಿದ್ದಾರೆ, ನನಗೆ ಬೇಕಿರಲಿಲ್ಲ. ಇಪ್ಪತ್ತೈದು ಸ್ವರಮನೆಯ ಜೊತೆ ಎಂಟು ಪ್ಯಾಡಿರುವ ಪುಟ್ಟ ಕೀಬೋರ್ಡುಗಳೂ ಇದ್ದವು. ಸ್ವರವಾದ್ಯ ಬೇಕಾದವರಿಗೆ ಅವು ಒಳ್ಳೆಯವು, ನನ್ನ ಬಳಿ ಹಾರ್ಮೋನಿಯಂ ಇದೆ. ಬೆಲೆ ಒಂದು ಸಾಧಾರಣ ರೇಷ್ಮೆಸೀರೆಯದು. ಮನೆಯಲ್ಲಿ "ಅಷ್ಟೊಂದಾ?" ಎಂದರು. ಸೀರೆ ತಂದಿದ್ದರೆ ಕೇಳುತ್ತಿರಲಿಲ್ಲ.

ತಂದ ದಿನವೇ ಒಂದು ಆಘಾತ. ಬಡಿದ ಎಷ್ಟೋ ಹೊತ್ತಿಗೆ ಸದ್ದು! ಪ್ಯಾಡ್ ಕೆಟ್ಟದ್ದೆಂದು ಅಳುವಂತಾಯಿತು. ತಪ್ಪು ಅದರದಾಗಿರಲಿಲ್ಲ. ಕಂಪ್ಯೂಟರ್ ಸದ್ದನ್ನು ಸೌಟಿನಲ್ಲಿ ಬಡಿಸಿದ ಹಾಗೆ ಕಂತುಕಂತಾಗಿ ಹೊರಗೆ ಬಿಡುತ್ತದೆ. ಸೆಕೆಂಡಿಗೆ 44,100 ಕಣಗಳ ಲೆಕ್ಕದಲ್ಲಿ, ಒಂದು ಸೌಟಿಗೆ 1024 ಕಣವಾದರೆ ಅಷ್ಟಕ್ಕೇ 23 ಮಿಲಿಸೆಕೆಂಡ್ ತಡ, 256 ಆದರೆ ಆರಕ್ಕೂ ಕಡಿಮೆ. ಸೌಟು ಚಿಕ್ಕದು ಮಾಡಿ, ಅದಕ್ಕೆ ತಕ್ಕ ಡ್ರೈವರ್ ಹಾಕಿ, ತಂತಿಯಿಲ್ಲದ ಬ್ಲೂಟೂತ್ ಹೆಡ್‌ಫೋನ್ ತೆಗೆದು ತಂತಿಯದು ಚುಚ್ಚಿದ ಮೇಲೆ ಸರಿಹೋಯಿತು. ಇದನ್ನು ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ.

ಸದ್ದುಗಳನ್ನು ನಾನೇ ಮಾಡಿಕೊಂಡೆ. ಪರಿಚಯದ ಮೃದಂಗದವರೊಬ್ಬರನ್ನು ಕರೆದು, ಒಂದೊಂದು ಸೊಲ್ಲನ್ನೂ ಮೆಲ್ಲಗಿನಿಂದ ಜೋರಿನವರೆಗೆ ನಾಲ್ಕು ಬಲದಲ್ಲಿ ನುಡಿಸಿಸಿ ಮುದ್ರಿಸಿದೆ. ಒಂದೇ ಧ್ವನಿ ಇಟ್ಟರೆ ಜೋರಾಗಿ ಬಡಿದಾಗ ಸದ್ದು ದೊಡ್ಡದಾಗುತ್ತದೆ, ಅಷ್ಟೆ. ಬಲಕ್ಕೊಂದು ಧ್ವನಿ ಇಟ್ಟರೆ ನಾದವೇ ಬದಲಾಗುತ್ತದೆ, ಚರ್ಮದಲ್ಲಿ ಆಗುವ ಹಾಗೆ. ಬಾರಿಸಿದ್ದನ್ನು ಗೆರೆಗೆ ಎಳೆದು ಸರಿಪಡಿಸುವ ಸೌಲಭ್ಯ ಕಂಪ್ಯೂಟರಿನಲ್ಲಿದೆ. ನಾನು ಅದನ್ನು ಉಪ್ಪಿನಷ್ಟೇ ಬಳಸುತ್ತೇನೆ, ಪೂರ್ತಿ ಎಳೆದರೆ ಮತ್ತೆ ಗೋಡೆಗಡಿಯಾರ.

ಅಮ್ಮನಿಗೆ ಈಗ ಎಂಬತ್ತೊಂದು. ಒಂದು ಸಂಜೆ ಕುತೂಹಲದಿಂದ ಬಂದು ಕೂತಳು. ಹೆಡ್‌ಫೋನ್ ಹಾಕಿ, "ಬಡಿ" ಎಂದೆ. ಬಡಿದಳು, ಸದ್ದೇ ಬರಲಿಲ್ಲ. ಯಂತ್ರಕ್ಕೆ ಗೊತ್ತಾಗದಷ್ಟು ಮೆಲ್ಲಗೆ ಬಡಿದಿದ್ದಳು. "ನನ್ನ ಕೈಯಲ್ಲಿ ಬಲ ಇಲ್ಲ ಕಣೆ" ಎಂದು ಏಳಹೊರಟಳು. ದೋಸೆಕಲ್ಲು ಇಳಿಸುವ ಕೈ ಅದು, ಬಲವಿಲ್ಲವೇ! ಎಷ್ಟು ಮೆಲ್ಲಗಿನ ಪೆಟ್ಟನ್ನು ಪೆಟ್ಟೆಂದು ಒಪ್ಪಬೇಕು ಎನ್ನುವುದಕ್ಕೆ ಯಂತ್ರದಲ್ಲಿ ಒಂದು ಅಳತೆಯಿದೆ, ಅದನ್ನು ತಗ್ಗಿಸಬಹುದು. ತಗ್ಗಿಸಿದೆ. ಮತ್ತೆ ಬಡಿದಳು, ಬಂತು. ನಾಲ್ಕಾರು ಪೆಟ್ಟಿನ ಮೇಲೆ ಅವಳು ಹಾಕಿದ್ದು ಅಣ್ಣನ ಎರಡನೆಯ ಪಾಠ. ಅಡುಗೆಮನೆಯ ಹೊಸ್ತಿಲಲ್ಲಿ ಆಗ ಕೂತು ಕೇಳುತ್ತಿದ್ದುದು ನಾನೊಬ್ಬಳೇ ಅಲ್ಲ ಎಂದು ನನಗೆ ಗೊತ್ತಾದದ್ದು ಆವತ್ತು. ನಾವಿಬ್ಬರೂ ಅದರ ಬಗ್ಗೆ ಏನೂ ಮಾತಾಡಲಿಲ್ಲ. ಹಾಲು ಇಟ್ಟು ಬಂದಿದ್ದೇನೆ ಎಂದು ಎದ್ದು ಹೋದಳು.

ಐದರ ನಡೆಯ ಹಾಡು ಮುಗಿದಿದೆ. ಆ ಹುಡುಗಿ ಈಗ ಎರಡನೆಯ ತರಗತಿ, ಅವಳ ತಂಗಿಯನ್ನು ಹಿಡಿದು ಕುಣಿಸಿ ನೋಡಿದ್ದಾಯಿತು, ಕುಣಿಯಲು ಬರುತ್ತದೆ. ಭಜನಾ ಮಂಡಳಿಯ ನನ್ನ ಗೆಳತಿ ತಾನೂ ಒಂದು ಪ್ಯಾಡ್ ಕೊಳ್ಳುತ್ತೇನೆ ಎಂದು ಹೊರಟಿದ್ದಾಳೆ. ಬರುವ ತಿಂಗಳು ಇಬ್ಬರೂ ರೈಲು ಹತ್ತುತ್ತೇವೆ, ಈ ಸಲ ದಾರಿ ತೋರಿಸಲು ಯಾರೂ ಬೇಡ. ಕುರ್ಚಿ ಕೊಟ್ಟರೆ ಏನು ಹೇಳಬೇಕೆಂದು ಅವಳಿಗೆ ಈಗಲೇ ಹೇಳಿಕೊಟ್ಟಿದ್ದೇನೆ.